ಕರುವಿನ ನಾಲ್ಕನೇ ಕಾಲು

ನನ್ನ ಭಾವನ ಕೈ ನೋಡಿದವರು ಯಾರೂ ಅವರನ್ನು ನಾಜೂಕು ಕೆಲಸಕ್ಕೆ ಕರೆಯುವುದಿಲ್ಲ. ಬಸ್ ಡಿಪೋದ ಟೈರ್ ವಿಭಾಗದಲ್ಲಿ ಆಯುಷ್ಯ ಸವೆಸಿದ ಕೈ ಅದು. ಬೆರಳು ಒಂದೊಂದೂ ಎಳೆ ಸೌತೆಕಾಯಿಯಷ್ಟು ದಪ್ಪ. ಉಗುರಿನ ಅಂಚಿನಲ್ಲಿ ಕೂತ ಕಪ್ಪು ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಹೋಗಿಲ್ಲ. ಅವರು ಮೊದಲ ಸಲ ನಮ್ಮ ಮನೆಗೆ ಬಂದು ಟೀ ಲೋಟ ಹಿಡಿದಾಗ ನನಗೆ ಲೋಟವೇ ಕಾಣಲಿಲ್ಲ. ನಾನಾಗ ಇನ್ನೂ ಫ್ರಾಕ್ ಹಾಕುವ ವಯಸ್ಸಿನವಳು. ಅಡುಗೆಮನೆಗೆ ಓಡಿಹೋಗಿ, "ಅಕ್ಕ, ಇವರ ಕೈಗೆ ನಿನ್ನ ಕೈ ಕೊಟ್ರೆ ವಾಪಸ್ ಸಿಗಲ್ಲ ನೋಡು," ಅಂದೆ. ಅಕ್ಕ ನಕ್ಕಳು. ನನ್ನ ಮಾತು ಯಾವತ್ತು ಕೇಳಿದ್ದಾಳೆ, ಅವರನ್ನೇ ಮದುವೆಯಾದಳು.

ಭಾವ ಮಾತಿಗಿಂತ ಹೆಬ್ಬೆರಳನ್ನು ನಂಬಿದವರು. ಎಲ್ಲವನ್ನೂ ಒತ್ತಿ ನೋಡಬೇಕು. ದಿಂಬು, ಬ್ರೆಡ್ಡು, ಸೋಫಾ, ಎಳೆ ಮಕ್ಕಳ ಹೊಟ್ಟೆ, ಯಾವುದೇ ಇರಲಿ, ಒಂದು ಸಲ ಹೆಬ್ಬೆರಳಲ್ಲಿ ಒತ್ತುವುದು, "ಗಾಳಿ ಕಮ್ಮಿ" ಅನ್ನುವುದು, ಇಲ್ಲವೇ "ಸರಿಯಿದೆ" ಅನ್ನುವುದು. ಮನುಷ್ಯರ ವಿಷಯದಲ್ಲೂ ಅಷ್ಟೆ. ಯಾರ ಬಗ್ಗೆಯೂ ಇದಕ್ಕಿಂತ ಉದ್ದದ ಅಭಿಪ್ರಾಯವನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ನನ್ನ ಬಗ್ಗೆ ಮಾತ್ರ "ಗಾಳಿ ಜಾಸ್ತಿ" ಅಂದಿದ್ದರಂತೆ. ಇರಬಹುದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಮೂಗು ನೋಡುತ್ತ ಕೂರುವ ಕೆಲಸ ಬೇರೆ.

ಅಕ್ಕ ಎಡಚಿ. ಬರೆಯುವುದನ್ನು ಗದರಿಸಿ ಬಲಗೈಗೆ ತಿರುಗಿಸಿದ ನಮ್ಮಮ್ಮನಿಗೆ ಕ್ರೋಶಾ ಕಡ್ಡಿಯನ್ನು ತಿರುಗಿಸಲು ಆಗಲಿಲ್ಲ. ಎಡಗೈಯಲ್ಲಿ ಕಡ್ಡಿ, ಬಲಗೈಯಲ್ಲಿ ಉಲ್ಲನ್ ಹಿಡಿದು ಕೂತಳೆಂದರೆ ಮನೆಯಲ್ಲಿ ಯಾವ ಸಾಮಾನೂ ಬೋಳಾಗಿ ಉಳಿಯುತ್ತಿರಲಿಲ್ಲ. ಟೀವಿಗೆ ಹೊದಿಕೆ, ನೀರಿನ ಬಾಟಲಿಗೆ ಅಂಗಿ, ಸ್ಕೂಟರಿನ ಸೀಟಿಗೆ ಗವಸು. "ಒಂದೇ ಕಡೆ ತುಂಬಾ ಹೊತ್ತು ಕೂರಬೇಡ, ನಿಂಗೂ ಒಂದು ಹಾಕ್ಬಿಡ್ತಾಳೆ," ಅಂತ ಭಾವ ನನಗೆ ಎಚ್ಚರಿಕೆ ಕೊಡುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಬೇರೆ ಊರಲ್ಲಿ ಸಂಸಾರ. ಮದುವೆಯಾಗಿ ವರ್ಷಗಟ್ಟಲೆ ಕಾದು, ಇನ್ನು ಆಸೆ ಬಿಡಬೇಕು ಅನ್ನುವಾಗ ಹೊಟ್ಟೆಯಲ್ಲಿ ಮಗು ನಿಂತಿತು. ಸುದ್ದಿ ಬಂದ ದಿನವೇ ಅಕ್ಕ ಅಂಗಡಿಗೆ ಹೋಗಿ ಬಿಳಿ ಮತ್ತು ಕಂದು ಬಣ್ಣದ ಉಲ್ಲನ್ ತಂದಳು. ಒಂದು ಕರು ಮಾಡುತ್ತೇನೆ ಅಂದಳು. ನಮ್ಮ ಹುಡುಗಿ ಚಿಕ್ಕವಳಿದ್ದಾಗ ಬೀದಿಯ ಕೊನೆಯ ಕೊಟ್ಟಿಗೆಗೆ ಎತ್ತಿಕೊಂಡು ಹೋಗಿ, ಅಲ್ಲಿದ್ದ ಕರುವಿಗೆ ಪ್ರತಿ ತುತ್ತು ತೋರಿಸಿದರೇನೇ ಬಾಯಿ ತೆರೆಯುತ್ತಿದ್ದಳು. ಅವಳ ಮಗುವೂ ಅದೇ ಜಾತಿ ಇರುತ್ತದೆ, ಮನೆಯಲ್ಲೇ ಒಂದು ಕರು ಇದ್ದರೆ ಅಲೆದಾಟ ತಪ್ಪುತ್ತದೆ ಅನ್ನುವುದು ಅಕ್ಕನ ಲೆಕ್ಕಾಚಾರ.

ಕರು ಚೆನ್ನಾಗಿಯೇ ಬೆಳೆಯಿತು. ಹೊಟ್ಟೆ ತುಂಬ ಹತ್ತಿ, ಬೆನ್ನಿನ ಮೇಲೆ ಕಂದು ಮಚ್ಚೆ, ಕಪ್ಪು ಕಣ್ಣು, ಸ್ವಲ್ಪ ಪೆದ್ದು ಮುಖ. ಕಿವಿ ಬಾಲ ಎರಡೂ ಹೊಲಿದಾಗಿತ್ತು. ಭಾವ ಹೊಟ್ಟೆ ಒತ್ತಿ ನೋಡಿ "ಸರಿಯಿದೆ" ಅಂದಿದ್ದರು. ಮೂರು ಕಾಲು ಜೋಡಿಸಿ ನಾಲ್ಕನೆಯದನ್ನು ಶುರು ಮಾಡುವ ದಿನ ಅಕ್ಕ ಹಾಲು ಕಾಯಿಸಲು ಒಲೆಯ ಮುಂದೆ ನಿಂತವಳು ಹಾಗೇ ಪಕ್ಕಕ್ಕೆ ವಾಲಿ ಬಿದ್ದಳು.

ಪ್ರಾಣ ಉಳಿಯಿತು. ಬಲಗೈ ಬಲಗಾಲು ಹೋದವು. ಮಾತೂ ಹೋಯಿತು. "ಬೇಗ" ಅನ್ನುವ ಒಂದೇ ಒಂದು ಪದ ಎಲ್ಲಿಯೋ ಅಂಟಿಕೊಂಡು ಉಳಿಯಿತು. ನೀರು ಬೇಕಾದರೂ ಬೇಗ, ದೀಪ ಆರಿಸಬೇಕಾದರೂ ಬೇಗ, ಸೊಳ್ಳೆ ಕಚ್ಚಿದರೂ ಬೇಗ. ಜೀವಮಾನವಿಡೀ ಯಾವುದಕ್ಕೂ ಅವಸರ ಮಾಡದ ಹೆಂಗಸಿಗೆ ಉಳಿಯಲು ಬೇರೆ ಮಾತು ಸಿಗಲಿಲ್ಲವೇ ಅಂತ ನನಗೆ ಹೊಟ್ಟೆ ಉರಿಯುತ್ತದೆ. ನಾವು ಮಾತಾಡಿದರೆ ತಲೆಯಾಡಿಸುತ್ತಿದ್ದಳು, ನಗಬೇಕಾದ ಕಡೆ ನಗುತ್ತಿದ್ದಳು. "ಮಾತು ಒಳಗೆ ಎಷ್ಟು ಹೋಗ್ತಿದೆ ಅಂತ ಈಗಲೇ ಹೇಳೋಕಾಗಲ್ಲ," ಅಂದರು ಡಾಕ್ಟರು. "ಗಾಬರಿ ಆಗೋ ವಿಷಯ ಮಾತ್ರ ಕಿವಿಗೆ ಹಾಕಬೇಡಿ. ಬೀಪಿ ಏರಿದ್ರೆ ಕಷ್ಟ."

ಮಗಳಿಗೆ ಬರಲಾಗಲಿಲ್ಲ. ಹಾಸಿಗೆ ಬಿಟ್ಟು ಏಳಬಾರದು ಅಂತ ಅವಳ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಅಷ್ಟು ಮಾಡಿಯೂ ಏನು ಬಂತು? ಅಕ್ಕ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ದಿನ ತುಂಬಲು ಸ್ವಲ್ಪವೇ ಉಳಿದಿರುವಾಗ, ಮಗು ಹೊಟ್ಟೆಯೊಳಗೆ ಆಡುವುದನ್ನು ನಿಲ್ಲಿಸಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಭಾವ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಆಚೆ ಕಡೆಯಿಂದ ಮಗಳು ಹೇಳಿದ್ದು ನನಗೂ ಕೇಳಿಸಿತು. "ಅಪ್ಪ, ಅಮ್ಮಂಗೆ ನೀನು ಹೇಳ್ಬೇಡ. ನಾನೇ ಬಂದು ಹೇಳ್ತೀನಿ." ಭಾವ "ಆಯ್ತು ಮಗಾ, ಆಯ್ತು ಮಗಾ" ಅಂದರು. ಬೇರೇನೂ ಕೇಳಲಿಲ್ಲ. ಫೋನ್ ಇಟ್ಟ ಮೇಲೆ ಗೋಡೆಯ ಪಕ್ಕದ ಬೆಂಚನ್ನು ಹೆಬ್ಬೆರಳಲ್ಲಿ ಒತ್ತುತ್ತ ಕೂತರು. ಅದು ಮರದ ಬೆಂಚು.

ಮಗಳು ಬರುತ್ತೇನೆ ಅಂದಳೇ ಹೊರತು ಬರಲಿಲ್ಲ. ಮೊದಲು ಮೈ ಸರಿಯಿರಲಿಲ್ಲ, ಆಮೇಲೆ ಮನಸ್ಸು. ವೀಡಿಯೊ ಕಾಲ್ ಮಾಡುವಾಗ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದಳು, ಕುತ್ತಿಗೆಯಿಂದ ಕೆಳಗೆ ಏನೂ ಕಾಣಬಾರದು ಅಂತ. ಅಕ್ಕ ಎಡಗೈಯನ್ನು ಎದೆಗೆ ಒತ್ತಿ ತೊಟ್ಟಿಲ ಹಾಗೆ ತೂಗಿ ತೋರಿಸುವಳು. ಮಗು ಎಲ್ಲಿ, ಯಾವಾಗ ಅಂತ. "ಇನ್ನೂ ಟೈಮಿದೆಯಮ್ಮ," ಅನ್ನುವಳು ಮಗಳು. ತಕ್ಷಣ ನೆಟ್‌ವರ್ಕ್ ಹೋಗುವುದು. ಆ ಊರಿನ ನೆಟ್‌ವರ್ಕ್ ಅಷ್ಟು ಹೇಳಿದ ಹಾಗೆ ಕೇಳುತ್ತದೆ ಅಂತ ನನಗೆ ಆಗಲೇ ಗೊತ್ತಾಗಿದ್ದು.

ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಅಕ್ಕ ಉಲ್ಲನ್ ಚೀಲದ ಕಡೆ ಕೈ ತೋರಿಸಿದಳು. ಭಾವ ತಂದುಕೊಟ್ಟರು. ಅವಳು ಮೂರು ಕಾಲಿನ ಕರುವನ್ನು ತೊಡೆಯ ಮೇಲಿಟ್ಟುಕೊಂಡು, ಕಡ್ಡಿಯನ್ನು ತೆಗೆದು ಗಂಡನ ಕೈಯಲ್ಲಿಟ್ಟಳು. ನಾಲ್ಕನೇ ಕಾಲು ಇರಬೇಕಾದ ಜಾಗವನ್ನು ಬೆರಳಲ್ಲಿ ತಟ್ಟಿ, "ಬೇಗ," ಅಂದಳು.

ಭಾವ ನನ್ನ ಕಡೆ ನೋಡಿದರು. ನನಗೆ ಕ್ರೋಶಾ ಬರುವುದಿಲ್ಲ. ಚಿಕ್ಕವಳಿದ್ದಾಗ ಅಕ್ಕ ಕಲಿಸಲು ಕೂರಿಸಿದಾಗಲೆಲ್ಲ ನನಗೆ ತಲೆನೋವು ಬರುತ್ತಿತ್ತು. "ನನ್ನ ಯಾಕೆ ನೋಡ್ತೀರಿ? ನಿಮಗೇ ಹೇಳಿದ್ದು, ಕೂತ್ಕೊಳ್ಳಿ," ಅಂದೆ.

ಕಲಿತರು. ಹೇಗೆ ಅಂತ ಮಾತ್ರ ಕೇಳಬೇಡಿ. ಬಸ್ಸಿನ ಟೈರನ್ನು ಸಲಾಕೆ ಹಾಕಿ ಕಳಚುತ್ತಿದ್ದ ಮನುಷ್ಯ, ಕುಣಿಕೆಯೊಳಗೆ ಕಡ್ಡಿ ತೂರಿಸಿ ಉಲ್ಲನ್ ಎಳೆಯುವಾಗಲೂ ಅದೇ ಬಲ. ಮೊದಲು ಮಾಡಿದ ಕಾಲನ್ನು ಗೋಡೆಗೆ ಮೊಳೆ ಹೊಡೆಯಲು ಬಳಸಬಹುದಿತ್ತು. ಎರಡನೆಯದು ಚಿಂದಿಯ ಹಾಗೆ ಜೋತುಬಿತ್ತು. ಅಕ್ಕ ಎದುರು ಕೂತು, ಸುತ್ತು ತಪ್ಪಿದಾಗಲೆಲ್ಲ ಅವರ ಮುಂಗೈಗೆ ಪಟ್ಟನೆ ಹೊಡೆಯುವಳು. ಡಿಪೋದಲ್ಲಿ ಮ್ಯಾನೇಜರಿನಿಂದಲೂ ಒಂದು ಮಾತು ಹೇಳಿಸಿಕೊಳ್ಳದ ಮನುಷ್ಯ ಶಾಲೆಯ ಹುಡುಗನಂತೆ ತಲೆ ತಗ್ಗಿಸಿ ಬಿಚ್ಚಿ ಮತ್ತೆ ಹಾಕುವರು. ನಾನು ಅಂಗಡಿ ಮುಗಿಸಿ ಸಂಜೆ ಹೋಗಿ, ಬಾಗಿಲಲ್ಲೇ ನಿಂತು ನಗುತ್ತಿದ್ದೆ. ಆಗ ನಗು ಬರುತ್ತಿತ್ತು.

ಸ್ವಲ್ಪ ದಿನಕ್ಕೆ ಕಾಲು ಕಾಲಿನಂತೆ ಕಾಣತೊಡಗಿತು. ಒಂದು ಸಂಜೆ ನೋಡಿದರೆ ಗೊರಸಿನಿಂದ ತೊಡೆಯವರೆಗೆ ಪೂರ್ತಿಯಾಗಿ, ಹತ್ತಿ ತುಂಬುವುದೊಂದೇ ಬಾಕಿ ಇತ್ತು. "ಪರವಾಗಿಲ್ಲ ಭಾವ, ಪಾಸಾದ್ರಿ," ಅಂದೆ. ಮರುದಿನ ಹೋದರೆ ಕಾಲೇ ಇಲ್ಲ. ಉಲ್ಲನ್ ಉಂಡೆ ಮೊದಲಿನಷ್ಟೇ ದಪ್ಪ.

"ಎಲ್ಲಿ ಹೋಯ್ತು?"

"ಬಿಚ್ಚಿದೆ. ಸರಿ ಬಂದಿರ್ಲಿಲ್ಲ."

"ಏನ್ ಸರಿ ಬಂದಿರ್ಲಿಲ್ಲ? ನಾನು ನೋಡಿದ್ನಲ್ಲ."

ಭಾವ ಕರುವನ್ನು ತಿರುಗಿಸಿ ತೋರಿಸಿದರು. ಅಕ್ಕ ಎಡಗೈಯಲ್ಲಿ ಹಾಕಿದ ಮೂರು ಕಾಲುಗಳ ಕುಣಿಕೆಗಳು ಒಂದು ದಿಕ್ಕಿಗೆ ವಾಲಿ ಸುತ್ತಿಕೊಂಡು ಹೋಗಿದ್ದವು. ಭಾವ ಬಲಗೈಯವರು. ಅವರು ಹಾಕಿದ್ದು ಅದರ ವಿರುದ್ಧ ದಿಕ್ಕಿಗೆ ವಾಲುತ್ತದೆ. ಕೆಲಸ ಎಷ್ಟೇ ಚೆನ್ನಾಗಿದ್ದರೂ ಜೊತೆಗಿಟ್ಟು ನೋಡಿದರೆ ಬೇರೆ ಯಾವುದೋ ಕರುವಿನ ಕಾಲು ತಂದು ಅಂಟಿಸಿದ ಹಾಗೆ. ಅಕ್ಕನೂ ಅದನ್ನು ನೋಡಿ ಮೂಗು ಮುರಿದಳಂತೆ. ಸರಿ, ಒಪ್ಪಿದೆ. ಆದರೆ ಅದಾದ ಮೇಲೂ ಕಾಲು ಬೆಳೆಯುವುದು, ಮುಗಿಯುವ ಹೊತ್ತಿಗೆ ಮಾಯವಾಗುವುದು ನಡೆದೇ ಇತ್ತು. ತಪ್ಪು ಏನೆಂದು ಗೊತ್ತಿದ್ದೂ ಅದೇ ಬಲಗೈಯಲ್ಲಿ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುವಷ್ಟು ಪೆದ್ದರಲ್ಲ ನಮ್ಮ ಭಾವ. ನನಗೆ ತಲೆ ಕೆಟ್ಟಿತು. ಒಂದು ದಿನ ಹೊರಡುವಾಗ ಮೆಟ್ಟಿಲವರೆಗೆ ಬಂದವರನ್ನು ಹಿಡಿದು ನಿಲ್ಲಿಸಿದೆ.

"ಭಾವ, ಏನ್ ಆಟ ಆಡ್ತಿದ್ದೀರಿ? ಅವಳು ದಿನಾ ಬೇಗ ಬೇಗ ಅಂತಾಳೆ. ನೀವು ಹಾಕೋದು, ಬಿಚ್ಚೋದು."

ಅವರು ಮೆಟ್ಟಿಲ ಕಂಬಿಯ ಮೇಲೆ ಕೈಯಿಟ್ಟು ಬಾಗಿಲ ಕಡೆ ತಿರುಗಿ ನೋಡಿದರು. ಒಳಗಿನಿಂದ ಟೀವಿಯ ಸದ್ದು ಬರುತ್ತಿತ್ತು.

"ಕಾಲು ಹಾಕಿದ್ರೆ ಕರು ಮುಗಿಯುತ್ತೆ," ಅಂದರು. "ಮುಗಿದ್ರೆ ಮಗೂಗೆ ಕಳಿಸು ಅಂತಾಳೆ. ಎಲ್ಲಿಗೆ ಕಳಿಸ್ಲಿ ಹೇಳು."

ಬಾಯಿ ಜೋರು ಅಂತ ಊರೆಲ್ಲ ಹೆಸರು ತೆಗೆದುಕೊಂಡವಳು ನಾನು, ಆವತ್ತು ಚಪ್ಪಲಿ ಮೆಟ್ಟಿಕೊಂಡು ಇಳಿದುಬಂದೆ.

ಹೀಗೇ ಎಷ್ಟು ಕಾಲ ತಳ್ಳುತ್ತಿದ್ದರೋ. ಅಷ್ಟರಲ್ಲಿ ಅಕ್ಕನಿಗೇ ಒಂದು ಉಪಾಯ ಹೊಳೆಯಿತು. ಗಂಡ ಮಾಡಿದ ಇನ್ನೊಂದು ಕಾಲು ಉಲ್ಟಾ ವಾಲಿದ್ದನ್ನು ನೋಡಿ ಅವಳ ತಾಳ್ಮೆ ಮುಗಿದಿರಬೇಕು. ಅವರ ಕೈಯಿಂದ ಕಡ್ಡಿ ಕಸಿದುಕೊಂಡಳು. ಅವರ ಎರಡೂ ಕೈಗಳನ್ನು ತನ್ನ ತೊಡೆಯ ಮೇಲಕ್ಕೆ ಎಳೆದು, ಉಲ್ಲನ್ ಎಳೆಯನ್ನು ಅವರ ಬೆರಳಿಗೆ ಸುತ್ತಿ, ಹೊಸದಾಗಿ ಶುರುಮಾಡುವ ಕಾಲಿನ ತುದಿಯನ್ನು ಅವರ ಇನ್ನೊಂದು ಮುಷ್ಟಿಯಲ್ಲಿ ತುರುಕಿದಳು. ಕಳೆದುಹೋದ ತನ್ನ ಬಲಗೈಯ ಜಾಗಕ್ಕೆ ಗಂಡನನ್ನು ಕೂರಿಸಿಕೊಂಡಳು. ಆಮೇಲೆ ಎಡಗೈಯಲ್ಲಿ ಕಡ್ಡಿ ತೂರಿಸಿ ಎಳೆದಳು. ಒಂದು ಕುಣಿಕೆ ಬಂತು. ಇನ್ನೊಂದು ಬಂತು. ಅವಳ ಎಡಗೈಗೆ ಏನೂ ಮರೆತಿರಲಿಲ್ಲ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಇದನ್ನು ನೋಡಿ ಕುಣಿದಾಡಿಬಿಟ್ಟಳು. "ಇದಕ್ಕಿಂತ ಒಳ್ಳೆ ಔಷಧಿ ಇಲ್ಲ, ದಿನಾ ಮಾಡಿಸಿ," ಅಂತ ಭಾವನ ಬೆನ್ನು ತಟ್ಟಿದಳು. ಅಕ್ಕಪಕ್ಕದವರು ಬಂದು ನೋಡಿ ಕಣ್ಣೊರೆಸಿಕೊಂಡು ಹೋದರು. ಖುಷಿಪಡಬೇಕಾದ ವಿಷಯವೇ. ಆದರೆ ಆ ಮನೆಯಲ್ಲಿ ಅದು ಒಬ್ಬರ ಪಾಲಿಗೆ ನೇಣಾಗಿತ್ತು. ಸುತ್ತಿನ ಮೇಲೆ ಸುತ್ತು, ಕಾಲು ಅವರ ಕೈಯಲ್ಲೇ ಬೆಳೆಯುತ್ತಿತ್ತು. ಈ ಸಲ ಸರಿಯಾದ ದಿಕ್ಕಿಗೇ ವಾಲುತ್ತಿತ್ತು. ಬಿಚ್ಚಲು ನೆಪವಿಲ್ಲ. ಒಮ್ಮೆ ಎಳೆಯನ್ನು ಬೇಕೆಂದೇ ಸಡಿಲ ಬಿಟ್ಟರು. ಕುಣಿಕೆ ಜಾರಿತು. ಅಕ್ಕ ಮುಂಗೈಗೆ ಒಂದು ಕೊಟ್ಟು, ಜಾರಿದ್ದನ್ನು ಕಡ್ಡಿಯ ತುದಿಯಲ್ಲಿ ಎತ್ತಿಕೊಂಡು ಮುಂದುವರಿದಳು. ಹೆಂಡತಿ ಸುಧಾರಿಸುತ್ತಿದ್ದಾಳೆ ಅಂತ ಹೆದರುವ ಗಂಡನನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಅವರ ಮುಖ ನೋಡಲಾಗದೆ ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ.

ಕಾಲು ಮುಗಿಯಿತು. ಹತ್ತಿ ತುಂಬಿ ಹೊಲಿದದ್ದೂ ಆಯಿತು. ಕರು ಮೇಜಿನ ಮೇಲೆ ತನ್ನ ನಾಲ್ಕು ಕಾಲಲ್ಲಿ ನಿಂತಿತು. ಅಕ್ಕ ಅದನ್ನು ಮುಂದೆ ಹಿಂದೆ ತಿರುಗಿಸಿ ನೋಡಿ, ಎದೆಗೆ ಒತ್ತಿ ತೊಟ್ಟಿಲು ತೂಗಿದಳು. ಬಾಗಿಲ ಕಡೆ ಕೈ ಮಾಡಿ, "ಬೇಗ," ಅಂದಳು. ಭಾವ ಅದನ್ನು ಕಾಗದದ ಚೀಲದಲ್ಲಿ ಹಾಕಿಕೊಂಡು ಹೊರಟರು. ಹೋಗಲು ಜಾಗವಿಲ್ಲದೆ ನನ್ನ ಅಂಗಡಿಗೆ ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಅಕ್ಷರದ ಫಲಕ ನೋಡುತ್ತಿದ್ದರು.

"ಎಷ್ಟು ಹೊತ್ತು ಇಲ್ಲಿರಲಿ?" ಅಂತ ಕೇಳಿದರು. "ಪಾರ್ಸೆಲ್ ಮಾಡಿ ಬಂದ ಹಾಗೆ ಕಾಣಬೇಕಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ನನಗೂ ಗೊತ್ತಿಲ್ಲ. ಅಲ್ಲೇ ಗಿರಾಕಿಗಳ ಎದುರಿಗೇ ಫೋನ್ ತೆಗೆದು ಹುಡುಗಿಗೆ ಮಾಡಿದೆ. "ನೋಡು, ನಿನ್ನ ಸಂಕಟ ನನಗೆ ಗೊತ್ತು. ಇಲ್ಲ ಅನ್ನಲ್ಲ. ಆದ್ರೆ ನಿಮ್ಮಪ್ಪ ಒಂದು ಬೊಂಬೆಯ ಕಾಲಿನ ಹಿಂದೆ ಜೀವ ತೇಯ್ತಿದ್ದಾರೆ. ನೀನೇ ಬಂದು ಹೇಳ್ತೀನಿ ಅಂದಿದ್ದೆ. ಬಾ."

"ಬರ್ತೀನಿ ಚಿಕ್ಕಮ್ಮ," ಅಂದಳು. "ನಂಗೂ ಅಮ್ಮ ಬೇಕು."

ಆ ಮಾತಿಗೆ ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ನಾವು ಅಷ್ಟು ದಿನವೂ ಅಕ್ಕನಿಗೆ ಏನಾಗುತ್ತದೋ ಅಂತ ಹೆದರಿದೆವು. ಈ ಹುಡುಗಿಗೆ ಅಳಲು ಒಂದು ಮಡಿಲು ಬೇಕಾಗಿತ್ತು ಅನ್ನುವುದು ಯಾರ ತಲೆಗೂ ಬರಲಿಲ್ಲ.

ಬಂದಳು. ಬಟ್ಟೆ ಸಡಿಲವಾಗಿತ್ತು, ಮುಖ ಇಷ್ಟೇ ಇಷ್ಟಾಗಿತ್ತು. ಭಾವ ಬೀಪಿಯ ಮಾತ್ರೆಯ ಡಬ್ಬಿಯನ್ನು ಕಿಸೆಯಲ್ಲಿಟ್ಟುಕೊಂಡು ಮಂಚದ ತಲೆಯ ಹತ್ತಿರ ನಿಂತರು. ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಹೇಳಿದ್ದರು. ನಾನು ಬಾಗಿಲಲ್ಲಿ. ಮಗಳು ಅಮ್ಮನ ಪಕ್ಕ ಕೂತು, ಆಡುವ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದಳು. ಸುತ್ತುಬಳಸಿ ಹೇಳಲಿಲ್ಲ. "ಅಮ್ಮ, ಮಗು ಹೋಯ್ತು. ಹೊಟ್ಟೆಯಲ್ಲೇ ಹೋಯ್ತು. ಹೆಣ್ಣುಮಗು."

ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ತಲೆಯಾಡಿಸಿದಳು. ಆಮೇಲೆ ನಕ್ಕಳು. ಎಷ್ಟೋ ತಿಂಗಳ ಮೇಲೆ ಮಗಳನ್ನು ಕಂಡ ತಾಯಿಯ ನಗು, ಬೇರೇನೂ ಅಲ್ಲ. ಕೈ ಬಿಡಿಸಿಕೊಂಡು, ಮಗಳ ಸಡಿಲ ಅಂಗಿಯ ಮೇಲೆ ಹೊಟ್ಟೆ ಸವರಿ, ಸಮಾಧಾನವಾದವಳ ಹಾಗೆ ಎರಡು ಸಲ ತಟ್ಟಿದಳು. ಭಾವ ಬಚ್ಚಿಟ್ಟಿದ್ದ ಕರುವನ್ನು ಮಗಳು ಬರುವ ಮುಂಚೆ ತಂದು ಮೇಜಿನ ಮೇಲೆ ಇಟ್ಟಿದ್ದರು. ಅಕ್ಕ ಅದನ್ನು ತೋರಿಸಿ, ತೆಗೆದುಕೋ ಅಂತ ಸನ್ನೆ ಮಾಡಿದಳು.

"ಅಮ್ಮ, ಇಲ್ನೋಡು, ಮಗು ಇಲ್ಲ. ಸತ್ತುಹೋಯ್ತು."

ಅಕ್ಕ ಮತ್ತೆ ತಲೆಯಾಡಿಸಿದಳು. ಆಗ ನಮಗೆ ಗೊತ್ತಾಯಿತು. ಮಾತು ಒಳಗೆ ಹೋಗುತ್ತಲೇ ಇರಲಿಲ್ಲ. ಇಷ್ಟು ದಿನ ಅವಳು ನಮ್ಮ ದನಿಗೆ, ಮುಖಕ್ಕೆ ತಲೆಯಾಡಿಸಿದ್ದು, ಮಾತಿಗಲ್ಲ. ಕಡ್ಡಿ ಹಿಡಿದಾಗಿನ ಅವಳ ಚುರುಕು ನೋಡಿ ನಾವು ಮೋಸಹೋಗಿದ್ದೆವು. ಬಚ್ಚಿಡುವ ಅಗತ್ಯವೇ ಇರಲಿಲ್ಲ. ದಿನಾ ಕಿವಿಯ ಹತ್ತಿರ ಕೂಗಿ ಹೇಳಿದ್ದರೂ ಏನೂ ಆಗುತ್ತಿರಲಿಲ್ಲ. ಭಾವ ಮಾತ್ರೆಯ ಡಬ್ಬಿಯನ್ನು ಕಿಸೆಯಿಂದ ತೆಗೆದು ನೋಡಿ ಮತ್ತೆ ಕಿಸೆಗೇ ಹಾಕಿಕೊಂಡರು.

ಮಾರನೆಯ ದಿನ ಬೆಳಿಗ್ಗೆ ತಿಂಡಿಯಾದ ಕೂಡಲೇ ಅಕ್ಕ ಚೀಲದಿಂದ ಹಳದಿ ಉಲ್ಲನ್ ಎತ್ತಿದಳು. ಗಂಡನ ಕೈಗಳನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು, ಬೆರಳಿಗೆ ಎಳೆ ಸುತ್ತಿ ಶುರುಮಾಡಿದಳು. ನಡುವಿನಿಂದ ಸುತ್ತು ಅಗಲವಾಗುತ್ತ ಹೋಯಿತು. ಸ್ವಲ್ಪ ಹೊತ್ತಿಗೆ ಅದು ಟೋಪಿ ಅಂತ ಎಲ್ಲರಿಗೂ ಗೊತ್ತಾಯಿತು. ಭಾವನ ಮುಷ್ಟಿಗೇ ತೊಡಿಸಿ ಹಾಕುತ್ತಿದ್ದಳು. ಮಗಳು ಎದುರಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ಅಪ್ಪ, ಅಮ್ಮಂಗೆ ಇನ್ನೊಂದ್ಸಲ ಹೇಳ್ಲಾ?"

"ಬೇಡ ಮಗಾ."

"ಮತ್ತೆ ಯಾರಿಗೆ ಹೇಳ್ಲಿ?"

ಭಾವ ಕಡ್ಡಿಯಿಂದ ಕಣ್ಣೆತ್ತಿ ಮಗಳನ್ನು ನೋಡಿದರು. "ನಂಗೆ ಹೇಳು," ಅಂದರು. "ನಾನು ನಿನ್ನ ಏನೂ ಕೇಳೇ ಇಲ್ಲ."

ಅವಳು ಹೇಳತೊಡಗಿದಳು. ಬಟ್ಟೆಯಲ್ಲಿ ಸುತ್ತಿ ಕೊಟ್ಟರಂತೆ, ಸ್ವಲ್ಪ ಹೊತ್ತು ಇಟ್ಟುಕೊಳ್ಳಿ ಅಂದರಂತೆ. ರೆಪ್ಪೆ ಕೂಡ ಬಂದಿತ್ತಂತೆ. ಮೂಗು ಥೇಟ್ ಅದರಪ್ಪನದೇ ಅಂತೆ. ಹೇಳುತ್ತ ಹೇಳುತ್ತ ಬಿಕ್ಕತೊಡಗಿದಳು. ಭಾವನ ಎರಡೂ ಕೈ ಉಲ್ಲನ್ನಿನಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಎದುರಿಗೆ ಮಗಳು ಅಳುತ್ತಿದ್ದರೂ ತಲೆ ಸವರಲು ಒಂದು ಕೈ ಇರಲಿಲ್ಲ. "ಕೊಡಿ ಭಾವ, ನಾನು ಹಿಡ್ಕೋತೀನಿ," ಅಂತ ನಾನು ಹೋದೆ. ಅಕ್ಕ ನನ್ನ ಮುಂಗೈಗೆ ಹೊಡೆದು ದೂರ ತಳ್ಳಿದಳು. ಅವಳಿಗೆ ಆ ಕೈಗಳೇ ಬೇಕು.

"ತಲೆ ಎಷ್ಟಿತ್ತು ಮಗಾ?" ಅಂತ ಭಾವ ಕೇಳಿದರು. ಹಳದಿ ಟೋಪಿ ತೊಟ್ಟ ಮುಷ್ಟಿಯನ್ನು ಆದಷ್ಟು ಮುಂದಕ್ಕೆ ಚಾಚಿದರು. "ಇಷ್ಟಿತ್ತಾ?"

ಮಗಳು ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಅಂಗೈಯನ್ನು ಅದರ ಮೇಲೆ ಬೋರಲಿಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಳು.

"ಇದಕ್ಕಿಂತ ಒಂಚೂರು ಚಿಕ್ಕದು," ಅಂದಳು.

"ಬೇಗ," ಅಂತ ಅಕ್ಕ ಎಳೆ ಜಗ್ಗಿದಳು. ಭಾವ ಮುಷ್ಟಿಯನ್ನು ವಾಪಸ್ ತಂದು ಅವಳ ತೊಡೆಯ ಮೇಲಿಟ್ಟರು. ಅಕ್ಕ ಇನ್ನೊಂದು ಸುತ್ತು ಶುರುಮಾಡಿದಳು.